ನೀಲಿ ಚುಕ್ಕೆಯ ನಕ್ಷೆ

ಮಲಪ್ರಭಾ ಹೊಳೆಯ ದಂಡೆಯ ಮೇಲೆ ಮುರಿಗೆಪ್ಪ ಮಾಸ್ತರರ ಮನೆ. ಮಿದುಳಿನ ರಚನೆಯನ್ನು ಕಲಿಸುತ್ತ ಕಲಿಸುತ್ತಲೇ ಕೂದಲು ಬೆಳ್ಳಗಾದವರು ಅವರು. ನಿವೃತ್ತರಾದ ಮೇಲೂ ಶಿಷ್ಯರು ಬಿಡಲಿಲ್ಲ. ಹೊಳೆಯ ಕಡೆಗಿನ ಕಟ್ಟೆಯ ಮೇಲೆ ಒಂದು ಹಳೆಯ ಸೂಕ್ಷ್ಮದರ್ಶಕ, ಎರಡು ಚಾಪೆ. ಅವರ ಆಶ್ರಮವೆಂದರೆ ಅಷ್ಟೇ.

ಶಾಲ್ಮಲಾ ಅವರ ಕೊನೆಯ ಶಿಷ್ಯೆ. ಪಟ್ಟಣದ ಸಂಶೋಧನಾಲಯವೊಂದರಲ್ಲಿ ಅವಳ ಕೆಲಸ. ಒಂದು ಮುಂಜಾನೆ ಏದುಸಿರು ಬಿಡುತ್ತಲೇ ಬಂದಳು.

"ಸರ್, ಮಿದುಳಿನ ಜೀವಕೋಶಗಳ ನಕ್ಷೆ ಮಾಡೋರಿಗೆ ಅನುದಾನ ಕೊಡ್ತಾರಂತ್ರಿ. ಅರ್ಜಿ ಕರದಾರ."

"ಚೊಲೋ ಆತು. ನೀ ಯಾವ ಭಾಗ ಕೇಳ್ತಿ?"

"ನೀಲಿ ಚುಕ್ಕೆ."

ಮಿದುಳಿನ ಕಾಂಡದೊಳಗೆ ಅಡಗಿರುವ ಪುಟ್ಟ ಜಾಗ ಅದು. ಮರೆವಿನ ರೋಗ ಮೊದಲು ಕಾಲಿಡುವ ಕಡೆಗಳಲ್ಲಿ ಅದೂ ಒಂದು. ಅಲ್ಲಿ ಯಾವ ಯಾವ ಕೋಶಗಳಿವೆ, ಯಾವುದು ಯಾವುದರ ಪಕ್ಕದಲ್ಲಿದೆ, ಯಾವುದು ಸಾಯುತ್ತದೆ, ಯಾವುದು ಉಳಿಯುತ್ತದೆ ಎಂದು ಒಂದನ್ನೂ ಬಿಡದೆ ಗುರುತಿಸಬೇಕೆಂಬುದು ಅವಳ ಆಸೆ. ಈ ಅನುದಾನ ಕೈತಪ್ಪಿದರೆ ಸಂಶೋಧನಾಲಯದಲ್ಲಿ ಅವಳ ಕೆಲಸವೂ ಮುಗಿದಂತೆ.

ಆಗಲೇ ಬರೆದು ತಂದಿದ್ದ ಅರ್ಜಿಯನ್ನು ಗುರುಗಳ ಮುಂದಿಟ್ಟಳು. ಅದರಲ್ಲಿ ಒಂದು ಚಿತ್ರ. ಒಂದೊಂದು ಬಗೆಯ ಕೋಶಕ್ಕೆ ಒಂದೊಂದು ಬಣ್ಣ, ಹಬ್ಬದ ರಂಗೋಲಿಯ ಹಾಗೆ ಅಚ್ಚುಕಟ್ಟು.

ಮಾಸ್ತರರು ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು.

"ಇದರ ಸ್ಲೈಡ್ ತಂದೀಯೇನು?"

"ತಂದೀನ್ರಿ."

ಸ್ಲೈಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಬಿಳಿ ಹಾಳೆ, ಪೆನ್ಸಿಲು ಅವಳ ಕೈಗೆ ಕೊಟ್ಟರು.

"ಕಣ್ಣಿಗೆ ಕಂಡದ್ದು ತಗಿ."

"ಸರ್, ಕಂಪ್ಯೂಟರ್ ಆಗಲೇ ಎಲ್ಲಾ ತಗದೈತ್ರಿ."

"ಅದು ತಗದದ್ದು ನೋಡಿದೆ. ಈಗ ನೀ ತಗಿ."

ಶಾಲ್ಮಲಾ ಕೂತಳು. ಮೊದಮೊದಲು ಬೇಸರ. ಆಮೇಲೆ ಕಣ್ಣು ಹೊಂದಿಕೊಂಡಿತು, ಕೈ ತಾನಾಗಿ ಓಡಿತು. ಸತ್ತ ಕೋಶಗಳ ಜಾಗದಲ್ಲಿ ಖಾಲಿ ಖಾಲಿ. ಅಲ್ಲಲ್ಲಿ ಉಳಿದ ಕಂದು ಕೋಶಗಳು. ಅಂಚಿಗೆ, ಒಂದಕ್ಕೊಂದು ಆತುಕೊಂಡು, ಮಸುಕು ಮಸುಕಾದ ದುಂಡನೆಯ ಕೋಶಗಳ ಒಂದು ಗುಂಪು.

ಅವನ್ನು ಬರೆದಾದ ಮೇಲೆಯೇ ಅವಳ ಕೈ ತಡೆಯಿತು.

ಮಾಸ್ತರರು ಎರಡೂ ಚಿತ್ರಗಳನ್ನು ಪಕ್ಕಪಕ್ಕಕ್ಕೆ ಹಿಡಿದರು. ಆ ಗುಂಪಿನ ಮೇಲೆ ಬೆರಳಿಟ್ಟರು.

"ಇವು ಇಲ್ಲಿ ಅದಾವ. ಅರ್ಜಿಯೊಳಗ ಎಲ್ಲಿ ಹೋದ್ವು?"

ಶಾಲ್ಮಲಾ ತಲೆ ತಗ್ಗಿಸಿದಳು. "ತಗದು ಹಾಕೀನ್ರಿ."

"ಯಾಕ?"

"ಗೊತ್ತಿದ್ದ ಯಾವ ಗುಂಪಿಗೂ ಅವು ಸೇರೂದಿಲ್ರಿ. ಸುತ್ತಲಿನವೆಲ್ಲಾ ಸತ್ತರೂ ಇವು ಬದುಕ್ಯಾವ. ಯಾಕಂತ ತಿಳೀವಲ್ದು. ಸಮಿತಿಯವರು ನೋಡಿದ್ರ ನಿಮ್ಮ ಕೆಲಸದಾಗ ಏನೋ ತಪ್ಪೈತಿ ಅಂತಾರ. ನಮ್ಮ ಮುಖ್ಯಸ್ಥರೂ ಚಿತ್ರ ಸ್ವಚ್ಛ ಇರಲಿ ಅಂದ್ರು."

ಮಾಸ್ತರರು ಹಾಳೆಗಳನ್ನು ಕೆಳಗಿಟ್ಟರು.

"ಇದು ಯಾರ ಮಿದುಳು?"

"ಒಬ್ಬ ತಾಯೀದ್ರಿ. ಗುಳೇದಗುಡ್ಡದಾಕಿ, ಕುಬಸದ ಖಣ ನೇಯ್ತಿದ್ಳಂತ. ಕಡೀಕ ಹೆತ್ತ ಮಗಳ ಹೆಸರೂ ಮರ್ತಿದ್ಳು. ಆ ಮಗಳೇ ದಾನಕ್ಕ ಒಪ್ಪಿದಾಕಿ."

"ಒಪ್ಪೂವಾಗ ಏನಂದ್ಳು?"

ಆಸ್ಪತ್ರೆಯ ಪಡಸಾಲೆಯಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದ ಹೆಂಗಸು ಶಾಲ್ಮಲಾಳ ಕಣ್ಣ ಮುಂದೆ ಬಂದಳು.

"'ನಮ್ಮವ್ವಗ ಏನಾಗಿತ್ತು, ಚೊಲೋತ್ನಾಗ ನೋಡ್ರಿ' ಅಂದ್ಳು."

"ಆಕಿ ನೋಡು ಅಂದ್ಳು. ನೀ ಅಳಿಸಿದಿ."

ಅಷ್ಟು ಹೇಳಿ ಮಾಸ್ತರರು ಎದ್ದು ಹೊಳೆಯ ಕಡೆಗೆ ನಡೆದರು.

ಶಾಲ್ಮಲಾಳಿಗೆ ಮೊದಲು ಬಂದದ್ದು ಸಿಟ್ಟು. ಇವರಿಗೇನು, ಪಿಂಚಣಿ ಬರುತ್ತದೆ. ಕೆಲಸ ಹೋಗುವುದು ನನ್ನದು. ಹೊರಟೇಬಿಡೋಣವೆಂದು ಸ್ಲೈಡ್ ತೆಗೆಯಲು ಬಗ್ಗಿದವಳು, ಯಾಕೋ ಮತ್ತೊಮ್ಮೆ ಕಣ್ಣಿಟ್ಟಳು.

ಆ ಮಸುಕು ಕೋಶಗಳು ಅಲ್ಲೇ ಇದ್ದವು. ಆ ತಾಯಿ ಮಗಳ ಹೆಸರು ಮರೆತ ದಿನವೂ ಇವು ಬದುಕಿದ್ದವು. ಏನು ಮಾಡುತ್ತಿದ್ದವು? ಯಾವುದು ಇವನ್ನು ಕಾಯಿತು?

ಇಷ್ಟು ದಿನ ಅವುಗಳಿಗೆ ಹೆದರಿದ್ದಳು. ಅವುಗಳ ಬಗ್ಗೆ ತಿಳಿಯಬೇಕೆಂದು ಅನ್ನಿಸಿದ್ದು ಇದೇ ಮೊದಲು. ಸಿಟ್ಟು ಎಲ್ಲಿ ಇಳಿಯಿತೋ ಅವಳಿಗೇ ತಿಳಿಯಲಿಲ್ಲ.

ಆ ವಾರವೇ ಅರ್ಜಿ ತಿದ್ದಿದಳು. ಚಿತ್ರದಲ್ಲಿ ಆ ಗುಂಪನ್ನು ಮರಳಿ ಸೇರಿಸಿ, ಅದಕ್ಕೆ ಮಾತ್ರ ಬಣ್ಣ ತುಂಬದೆ ಬಿಟ್ಟಳು. ಕೆಳಗೆ, ಇವು ಯಾವುವೆಂದು ನಮಗೆ ಗೊತ್ತಿಲ್ಲ ಎಂದು ಬರೆದಳು.

"ನಿನ್ನ ಇಷ್ಟ," ಅಂದರು ಮುಖ್ಯಸ್ಥರು. "ಅರ್ಜಿ ಬಿದ್ದುಹೋದರೆ ನನ್ನನ್ನು ಕೇಳಬೇಡ."

ಸಮಿತಿಯ ಮುಂದೆ ನಿಂತ ದಿನ, ಅಧ್ಯಕ್ಷರು ನೆಟ್ಟಗೆ ಆ ಚಿತ್ರಕ್ಕೇ ಬಂದರು.

"ಈ ಬಣ್ಣವಿಲ್ಲದವು ಏನು?"

"ಗೊತ್ತಿಲ್ಲ ಸರ್."

"ಗೊತ್ತಿಲ್ಲದ್ದನ್ನು ಹಿಡಿದುಕೊಂಡು ಇಲ್ಲಿಯವರೆಗೆ ಬಂದಿರಾ?"

"ಗೊತ್ತಿದ್ದಿದ್ದರೆ ಬರುತ್ತಲೇ ಇರಲಿಲ್ಲ ಸರ್. ಸುತ್ತಲಿನವೆಲ್ಲ ಸಾಯುವಾಗ ಇವು ಹೇಗೆ ಉಳಿದವು ಎಂದು ತಿಳಿಯಬೇಕು. ಅದು ತಿಳಿದರೆ ಸಾಯುವವನ್ನೂ ಉಳಿಸುವ ದಾರಿ ಸಿಗಬಹುದು. ನೆರವು ಕೇಳುತ್ತಿರುವುದು ಅದಕ್ಕೇ."

ಸಮಿತಿಯವರು ಮತ್ತೆ ಮತ್ತೆ ಕೆದಕಿದರು. ಕಂಡದ್ದನ್ನು ಕಂಡಂತೆ ಹೇಳಿದಳು, ಕಾಣದ್ದನ್ನು ಕಾಣದೆಂದಳು. ಬಚ್ಚಿಡುವುದು ಏನೂ ಇಲ್ಲದಾಗ ಮಾತು ಇಷ್ಟು ಹಗುರವೇ ಎಂದು ಅವಳಿಗೇ ಅಚ್ಚರಿಯಾಯಿತು.

ಮಳೆಗಾಲ ಕಳೆದ ಮೇಲೆ ಉತ್ತರ ಬಂತು. ಇಡೀ ನೀಲಿ ಚುಕ್ಕೆಗೆ ಅನುದಾನ ಸಿಗಲಿಲ್ಲ. ಅದರ ನಕ್ಷೆಯನ್ನು ಬೇರೆ ಕಡೆಯವರೂ ಮಾಡುತ್ತಿದ್ದಾರೆ, ಆ ಬಣ್ಣವಿಲ್ಲದ ಗುಂಪನ್ನು ಯಾರೂ ಮುಟ್ಟಿಲ್ಲ, ಅದೊಂದಕ್ಕೆ ಅನುದಾನ ಕೊಡುತ್ತೇವೆ, ನೀವು ಮಾಡಿ ಎಂದಿದ್ದರು.

ಶಾಲ್ಮಲಾ ಹೊಳೆಯ ದಂಡೆಗೆ ಬಂದಳು. ಮಾಸ್ತರರು ಕಟ್ಟೆಯ ಮೇಲೆ ಕೂತು ಮೆಂತ್ಯಸೊಪ್ಪು ಸೋಸುತ್ತಿದ್ದರು. ಅವಳೂ ಎದುರಿಗೆ ಕೂತು ಒಂದು ಹಿಡಿ ಸೊಪ್ಪು ತೆಗೆದುಕೊಂಡಳು. ನಡೆದದ್ದನ್ನೆಲ್ಲ ಹೇಳಿದಳು.

"ಹಂಗಾದ್ರ ನಾಳಿಂದ ಕೆಲಸ," ಅಂದರು ಮಾಸ್ತರರು.

"ನಾಳಿಂದನ ರೀ." ಅವಳು ನಕ್ಕಳು. ಆಮೇಲೆ ಕೈ ನಿಲ್ಲಿಸಿ ಕೇಳಿದಳು:

"ಸರ್, ಇಷ್ಟೆಲ್ಲಾ ದುಡಿದ ಮ್ಯಾಲ ಅವು ಏನೂ ಅಲ್ಲ ಅಂತಾದ್ರ? ಸ್ಲೈಡಿಗೆ ಹಾಕಿದ ಬಣ್ಣ ಸರಿಯಾಗಿ ಹತ್ತಲಿಲ್ಲ, ಅದಕ್ಕ ಹಂಗ ಕಂಡ್ವು, ಅಷ್ಟ ಅಂತಾದ್ರ?"

ಮಾಸ್ತರರು ಸೊಪ್ಪಿನಿಂದ ಕಣ್ಣೆತ್ತಲಿಲ್ಲ.

"ಹಂಗಂತನ ನಕ್ಷೆಯೊಳಗ ಬರಿ. ನಿನ್ನ ಹಿಂದ ಬರಾಕಿ ಅಲ್ಲಿ ನಿಲ್ಲದ ಮುಂದ ಹೋಗ್ತಾಳ."