ಕುರ್ಚಿ ಬಿಡದ ಗುರು

ಹದ್ದು ಕಂಡ ಕೂಡಲೇ ಊರ ಕೋಳಿಗಳಿಗೆಲ್ಲ ಒಮ್ಮೆಗೇ ಎಚ್ಚರಿಕೆಯ ವಿಡಿಯೊ ಕಳಿಸುವುದನ್ನು ಕಲಿಯಬೇಕೆಂದು ಮುದಿ ಹೇಂಟೆಯೊಂದು ಗ್ರಂಥಾಲಯಕ್ಕೆ ಹೋಯಿತು. ಅದರ ಎರಡು ಮರಿಗಳನ್ನು ಹದ್ದು ಆಗಲೇ ಹೊತ್ತೊಯ್ದಿತ್ತು. ಅಲ್ಲಿ ಕಂಪ್ಯೂಟರ್ ಕಲಿಸುವ ಅಳಿಲು ಕುರ್ಚಿಯಲ್ಲಿ ತಾನೇ ಕೂತು, ಕಣ್ಣು ಮಿಟುಕಿಸುವಷ್ಟರಲ್ಲಿ ಏನೇನೋ ಒತ್ತಿ, "ನೋಡಿದಿರಲ್ಲ ಅಜ್ಜಿ, ಇಷ್ಟೇ" ಎಂದಿತು. ಹೇಂಟೆ ಕೊಕ್ಕು ಚಾಚಿದರೆ, "ಮುಟ್ಟಬೇಡಿ, ಕೆಟ್ಟುಹೋಗುತ್ತದೆ. ನಾನೇ ಮಾಡಿ ತೋರಿಸುತ್ತೇನೆ" ಎಂದಿತು.

ಎಂಟು ದಿನವೂ ಇದೇ ಪಾಠ. ಒಂಬತ್ತನೆಯ ದಿನ ಬೆಳಿಗ್ಗೆ ಹೇಂಟೆಯ ಮೂರನೆಯ ಮರಿಯೂ ಹದ್ದಿನ ಪಾಲಾಯಿತು. ಆವತ್ತೇ ಅಳಿಲು, "ಇಷ್ಟು ಕಲಿಸಿದರೂ ನಿಮ್ಮ ತಲೆಗೆ ಹತ್ತಲಿಲ್ಲವಲ್ಲ" ಎಂದು ಬೇಸರಪಟ್ಟುಕೊಂಡಿತು.

ಹೇಂಟೆಗೆ ಮೈಯೆಲ್ಲ ಉರಿದುಹೋಯಿತು. ಮಧ್ಯಾಹ್ನದ ಊಟಕ್ಕೆಂದು ಅಳಿಲು ಮೇಜಿನ ಮೇಲಿಟ್ಟಿದ್ದ ಕಡಲೆಬೀಜವನ್ನು ಒಂದೂ ಬಿಡದೆ ಕುಕ್ಕಿ ನುಂಗಿತು.

"ಅದು ನನ್ನ ಊಟ" ಎಂದು ಅಳಿಲು ಕಿರುಚಿತು.

"ನಿಮ್ಮ ಕಣ್ಣೆದುರೇ ತಿಂದು ತೋರಿಸಿದೆನಲ್ಲ, ಗುರುಗಳೇ" ಎಂದಿತು ಹೇಂಟೆ. "ಇನ್ನೂ ನಿಮ್ಮ ಹೊಟ್ಟೆ ತುಂಬಲಿಲ್ಲವೇ?"

ಅಳಿಲು ಕುರ್ಚಿಯಿಂದ ಇಳಿದು ಹೇಂಟೆಗೆ ಜಾಗ ಬಿಟ್ಟಿತು.