ಹೆಪ್ಪಿನ ಕುಡಿಕೆ

ಊರಾಚೆಯ ಕೂಡುದಾರಿಯಲ್ಲಿ ದಾನದ ಹಾಲಿನಿಂದ ನಡೆಯುವ ಮಜ್ಜಿಗೆಯ ಅರವಟ್ಟಿಗೆಯೊಂದಿತ್ತು. ಒಂದು ಸಂಜೆ, ಚಾಕು ಸಾಣೆ ಹಿಡಿಯುವ ಬುಡೇನ್ ಸಾಬರು ಬಾಯಾರಿ ಬರುವಷ್ಟರಲ್ಲಿ ಗಡಿಗೆ ಬರಿದಾಗಿತ್ತು. ಹಂಚುವ ಸೌಟು ಹೆಪ್ಪಿನ ಕುಡಿಕೆಯ ಬಳಿಗೆ ಹೋಯಿತು.

"ನಿನ್ನಲ್ಲಿ ಸ್ವಲ್ಪ ಮೊಸರಿದೆ. ಕೊಡು, ಕಡೆದು ಲೋಟ ತುಂಬಿಸುತ್ತೇನೆ."

"ಕೊಡಲಾರೆ. ಇದು ಹೆಪ್ಪು," ಎಂದಿತು ಕುಡಿಕೆ.

"ದಾನಕ್ಕೆಂದು ಬಂದದ್ದನ್ನು ಇಟ್ಟುಕೊಂಡು ಪೂಜೆ ಮಾಡುತ್ತೀಯಾ? ಇನ್ನೇನು ಹಾಲು ಬರುತ್ತದೆ."

"ಹೋದ ಬೇಸಿಗೆಯಲ್ಲೂ ಬಂದಿತ್ತು. ಅಂದು ನೀನು ನನ್ನನ್ನು ತಳದವರೆಗೆ ಬಳಿದು ಹಂಚಿದ್ದೆ. ನಾಲ್ಕು ಕೊಡ ಹಾಲು ಹೆಪ್ಪಿಲ್ಲದೆ ಬೆಳಗಾಗುವುದರಲ್ಲಿ ಕೆಟ್ಟಿತು. ಮರುದಿನ ಬಂದವರೆಲ್ಲ ಒಣಬಾಯಲ್ಲೇ ಹೋದರು. ಬೈಯುವುದಾದರೆ ಬೈ, ನಾನು ಮುಚ್ಚಳ ತೆಗೆಯುವುದಿಲ್ಲ. ಸಾಬರಿಗೆ ತಣ್ಣೀರು ಕೊಡು."

ಸೌಟು ಗೊಣಗುತ್ತಲೇ ನೀರು ಕೊಟ್ಟಿತು. "ಬೋರ್ಡಿನಲ್ಲಿ ಮಜ್ಜಿಗೆ, ಲೋಟದಲ್ಲಿ ನೀರು!" ಎಂದು ನಕ್ಕ ಸಾಬರು ಎದುರಿನ ಕಟ್ಟೆಯ ಮೇಲೆ ಹಾಸಿಗೆ ಬಿಚ್ಚಿದರು.

ದೀಪ ಹಚ್ಚುವ ಹೊತ್ತಿಗೆ ಹಾಲು ಬಂತು. ಕುಡಿಕೆ ತಾನಾಗಿಯೇ ಮುಚ್ಚಳ ತೆಗೆದು, ತೊಟ್ಟೂ ಉಳಿಸಿಕೊಳ್ಳದೆ ಇದ್ದದ್ದೆಲ್ಲವನ್ನೂ ಗಡಿಗೆಗೆ ಸುರಿಯಿತು.

ಸೌಟು ಬೆರಗಾಯಿತು. "ಒಂದು ಲೋಟಕ್ಕೆ ಕೊಡದವಳು ಈಗ ಎಲ್ಲವನ್ನೂ ಸುರಿದೆಯಲ್ಲ!"

"ಇಟ್ಟುಕೊಂಡೇ ಇದ್ದರೆ ಹೆಪ್ಪಿಗೂ ಹುಳ ಬೀಳುತ್ತದೆ. ಇದನ್ನು ಕಾದಿದ್ದೇ ಈ ಗಡಿಗೆಗಾಗಿ."

ಬೆಳಗ್ಗೆ ಗಡಿಗೆಯ ತುಂಬ ಗಟ್ಟಿ ಮೊಸರು. ಸಾಬರು ಎಲ್ಲರಿಗಿಂತ ಮೊದಲು ಬಂದು ಲೋಟ ಚಾಚಿದರು.

"ಒಂದು ಗಳಿಗೆ ತಾಳಿ, ಸಾಬರೇ," ಎಂದ ಸೌಟು, ಮೊದಲ ಮೊಸರನ್ನು ಕುಡಿಕೆಗೆ ಹಾಕಿತು.