ಗುರುತು ಹಾಕದ ಮಡಿವಾಳ

"ಗುರುಗಳೇ, ಸರ್ವರುಗಳನ್ನು ನಮ್ಮ ಆಫೀಸಿನಲ್ಲೇ ಇಟ್ಟುಕೊಳ್ಳಬೇಕೋ, ಕ್ಲೌಡಿಗೆ ಕಳಿಸಬೇಕೋ?" ಎಂದು ಕೌಮುದಿ ಕೇಳಿದಳು.

ಹಾಲಪ್ಪ ಮೇಷ್ಟ್ರು ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತು ವರ್ಷ ಕಂಪ್ಯೂಟರ್ ಕಲಿಸಿ ನಿವೃತ್ತರಾದವರು. ಕೌಮುದಿ ಅವರ ಹಳೆಯ ವಿದ್ಯಾರ್ಥಿನಿ. ಈಗ ಒಂದು ಬಸ್ ಕಂಪನಿಯ ಟಿಕೆಟ್ ಬುಕಿಂಗ್ ನೋಡಿಕೊಳ್ಳುತ್ತಾಳೆ. ಭಾನುವಾರ ಬಂದು ಒಂದು ಪ್ರಶ್ನೆ ಕೇಳುವುದು ಅವಳ ವಾಡಿಕೆ. ಮೇಷ್ಟ್ರು ನೇರವಾಗಿ ಉತ್ತರ ಕೊಟ್ಟದ್ದು ಕಡಿಮೆ.

ಅವಳ ಕಷ್ಟ ಇಷ್ಟು. ಮಾಮೂಲಿ ದಿನಗಳಲ್ಲಿ ಆಫೀಸಿನ ಎರಡು ಯಂತ್ರ ಸಾಕು; ಅವೂ ಅರ್ಧ ಹೊತ್ತು ಆಕಳಿಸುತ್ತಿರುತ್ತವೆ. ಹಬ್ಬದ ಬುಕಿಂಗ್ ತೆರೆದ ದಿನ ಇಪ್ಪತ್ತಿದ್ದರೂ ಸಾಲದು. ಹೋದ ಯುಗಾದಿಗೆ ಅವಳು ಕ್ಲೌಡಿನಲ್ಲಿ, ಅಂದರೆ ಯಾವುದೋ ಊರಿನಲ್ಲಿ ಗಂಟೆಯ ಬಾಡಿಗೆಗೆ ಸಿಗುವ ಯಂತ್ರಗಳಲ್ಲಿ, ಹದಿನೆಂಟನ್ನು ಸೇರಿಸಿದ್ದಳು. ಯಂತ್ರಗಳು ಕೂಡಿದವು, ಪ್ರಯಾಣಿಕರು ಚದುರಿದರು. ಆಫೀಸಿನ ಯಂತ್ರದಲ್ಲಿ ಕಿಟಕಿ ಸೀಟು ಆರಿಸಿಕೊಂಡು ಮುಂದಿನ ಪುಟಕ್ಕೆ ಹೋದವನನ್ನು ಕ್ಲೌಡಿನ ಯಂತ್ರ, ನೀವು ಯಾರು ಎಂದು ಕೇಳಿತು. ಒಬ್ಬರು ಒಂಬತ್ತು ಸಲ ತಮ್ಮ ಹೆಸರು ಹೇಳಿ, ಹತ್ತನೆಯ ಸಲ ಫೋನ್ ಮಾಡಿ ಅವಳ ಹೆಸರು ಕೇಳಿದ್ದರು. ದೀಪಾವಳಿಯ ಬುಕಿಂಗಿಗೆ ಇನ್ನು ಎಂಟು ದಿನ. ಈ ಸಲವೂ ಹೀಗಾದರೆ ಪುಸ್ತಕ ಪೆನ್ನಿಗೇ ಹಿಂದಿರುಗೋಣ, ನಿಮ್ಮ ವಿಭಾಗಕ್ಕೆ ಬೀಗ ಹಾಕೋಣ ಎಂದು ಮಾಲೀಕರು ನಗುನಗುತ್ತಲೇ ಹೇಳಿದ್ದರು.

ಮೇಷ್ಟ್ರು ಎಲ್ಲವನ್ನೂ ಕೇಳಿದರು. ಆಮೇಲೆ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಮಡಿವಾಳನಿದ್ದ. ಅರವತ್ತು ಮನೆಗಳ ಬಟ್ಟೆ ಅವನದು. ಅಜ್ಜನ ಕಾಲದಿಂದ ಬಂದ ಹಕ್ಕು. ಬೇರೆ ಮಡಿವಾಳರು ಬಟ್ಟೆಯ ಮೂಲೆಯಲ್ಲಿ ಕರಿಗೇರಿನ ರಸದಿಂದ ಗುರುತು ಹಾಕುತ್ತಿದ್ದರು. ಈ ಮನೆಗೆ ಎರಡು ಚುಕ್ಕೆ, ಆ ಮನೆಗೆ ಒಂದು ಕೊಕ್ಕೆ. ಎಷ್ಟು ಒಗೆದರೂ ಅದು ಹೋಗುವುದಿಲ್ಲ. ಇವನು ಮಾತ್ರ ಯಾವ ಬಟ್ಟೆಗೂ ಗುರುತು ಹಾಕಿದವನಲ್ಲ. ಗುರುತು ಬೇಕಾದದ್ದು ಮರೆಗುಳಿಗಳಿಗೆ ಎನ್ನುತ್ತಿದ್ದ.

ಎಲ್ಲವೂ ಅವನ ತಲೆಯಲ್ಲಿತ್ತು. ಜವಳಿ ವ್ಯಾಪಾರಿಯ ಪಂಚೆಗೆ ಎಡಗಡೆ ಮಾತ್ರ ನಸ್ಯದ ಕಲೆ. ಪುರೋಹಿತರ ಉತ್ತರೀಯಕ್ಕೆ ತುಪ್ಪದ ವಾಸನೆ, ಅದೂ ಪಕ್ಕದ ಮನೆಯ ತುಪ್ಪ. ಬಟ್ಟೆ ಕೈಗೆತ್ತಿಕೊಂಡರೆ ಸಾಕು, ಯಾರದೆಂದು ತಿಳಿಯುತ್ತಿತ್ತು. ಒಗೆದ ಮೇಲೆ ಕಲೆಯೂ ಹೋಗುತ್ತಿತ್ತು, ವಾಸನೆಯೂ ಹೋಗುತ್ತಿತ್ತು. ಆದರೆ ಒಗೆದವನೂ ಅವನೇ, ಹಿಂಡಿದವನೂ ಅವನೇ, ಸಾಲಾಗಿ ಹರವಿದವನೂ ಅವನೇ. ಮೊದಲನೆಯದು ಯಾರದು, ನಲವತ್ತನೆಯದು ಯಾರದು ಎನ್ನುವುದು ತಲೆಯಲ್ಲಿ ಉಳಿದಿರುತ್ತಿತ್ತು. ಪೇಟೆಯವರು ಮೂಗಿನ ಮೇಲೆ ಬೆರಳಿಡುತ್ತಿದ್ದರು. ಅದನ್ನು ನೋಡಿದ ದಿನ ಅವನಿಗೆ ಊಟ ಎರಡು ತುತ್ತು ಹೆಚ್ಚೇ ಸೇರುತ್ತಿತ್ತು.

ಪೇಟೆಯ ಬಟ್ಟೆ ವರ್ಷವಿಡೀ ಒಂದೇ ಸಮನೆ ಕೊಳೆಯಾಗುವುದಿಲ್ಲ. ಆಷಾಢದಲ್ಲಿ ದಿನಕ್ಕೆ ಒಂದು ಗಂಟು. ಲಗ್ನದ ದಿನಗಳಲ್ಲಿ ಹತ್ತು ಗಂಟು. ನೆಂಟರು ಬರುತ್ತಾರೆ. ಅವರಿಗೆ ಹಾಸಿದ್ದು ಕೊಳೆ, ಹೊದಿಸಿದ್ದು ಕೊಳೆ, ಉಂಡೆದ್ದು ಕೈ ಒರೆಸಿಕೊಂಡ ಬಾಗಿಲ ಪರದೆಯೂ ಕೊಳೆ.

ಒಂದು ವರ್ಷ ಅವನು ಲಗ್ನಕಾಲಕ್ಕೆಂದು ಇನ್ನೂ ಐದು ಒಗೆಯುವ ಕಲ್ಲು ಹಾಕಿಸಿದ, ನಾಲ್ಕು ಕತ್ತೆ ಹೆಚ್ಚಿಗೆ ಕೊಂಡ. ಲಗ್ನಗಳು ಮುಗಿದವು. ಕಲ್ಲುಗಳ ಮೇಲೆ ಕಾಗೆ ಕೂತವು. ಕತ್ತೆಗಳು ಹಿತ್ತಲಲ್ಲಿ ನಿಂತು ಒಂದಕ್ಕೊಂದು ಸಂಗೀತ ಕಲಿಸಿದವು. ಇವುಗಳಿಗೆ ಪಂಚಾಂಗ ತಿಳಿಯದು, ಆಷಾಢದಲ್ಲೂ ಲಗ್ನದಷ್ಟೇ ತಿನ್ನುತ್ತವೆ ಎಂದು ಹೆಂಡತಿ ಗೊಣಗಿದಳು. ಅವನಿಗೂ ಸರಿ ಎನ್ನಿಸಿ ಮೂರನ್ನು ಮಾರಿದ. ಮಾರಿದ ಎರಡನೆಯ ದಿನ ಪೇಟೆಯ ಪಟೇಲರ ಮಗಳಿಗೆ ಲಗ್ನ ನಿಶ್ಚಯವಾಯಿತು.

ಆಗ ಒಬ್ಬ ವ್ಯಾಪಾರಿ ಬಂದ. ಹೊಳೆಯ ಕೆಳದಂಡೆಯಲ್ಲಿ ಅವನದೊಂದು ದೊಡ್ಡ ದೋಬಿಘಾಟು. ನೂರು ಕಲ್ಲು, ನೂರು ಆಳು. ಕಳಿಸಿದಷ್ಟು ಗಂಟಿಗೆ ಕೂಲಿ. ಕಳಿಸದ ದಿನ ಏನೂ ಇಲ್ಲ. ಕತ್ತೆಯೂ ತಮ್ಮದೇ, ಅದು ತಿನ್ನುವ ಹುಲ್ಲೂ ತಮ್ಮದೇ ಎಂದ. ಮಡಿವಾಳನಿಗೆ ಈ ಕೊನೆಯ ಮಾತು ಬಹಳ ಹಿಡಿಸಿತು.

"ಬಟ್ಟೆ ಯಾರದು ಅಂತ ನಿಮ್ಮ ಆಳುಗಳಿಗೆ ಹೇಗಪ್ಪಾ ಗೊತ್ತಾಗುತ್ತೆ?" ಎಂದು ಹೆಂಡತಿ ಒಳಗಿನಿಂದಲೇ ಕೇಳಿದಳು.

"ತಾಯೀ, ನಮ್ಮವರು ಒಗೀತಾರೆ. ನೆಂಟಸ್ತನ ವಿಚಾರಿಸೋದಿಲ್ಲ" ಎಂದ ವ್ಯಾಪಾರಿ.

ಹಾಗಾದರೆ ಗುರುತು ಹಾಕಿಯೇ ಕಳಿಸೋಣ ಎಂದು ಹೆಂಡತಿ ಕರಿಗೇರು ತಂದಿಟ್ಟಳು. ಮಡಿವಾಳ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಅಜ್ಜನೂ ಹಾಕಿರಲಿಲ್ಲ, ಅಪ್ಪನೂ ಹಾಕಿರಲಿಲ್ಲ, ಈಗ ನಾನು ಚುಕ್ಕೆ ಇಟ್ಟುಕೊಂಡು ಕೂತರೆ ಪೇಟೆ ಏನೆಂದೀತು ಎಂದ. ಎರಡು ಗಂಟು ಮನೆಯಲ್ಲಿ ಉಳಿಸಿಕೊಂಡು ಎಂಟನ್ನು ಘಾಟಿಗೆ ಕಳಿಸಿದ. ಕಳಿಸುವಾಗ ಪ್ರತಿಯೊಂದು ಬಟ್ಟೆಯೂ ಯಾರದೆಂದು ಅವನಿಗೆ ಗೊತ್ತಿತ್ತು.

ಮೂರನೆಯ ದಿನ ಎಂಟು ಗಂಟೂ ಬಂದವು. ಬಿಚ್ಚಿ ನೋಡಿದ. ಬಟ್ಟೆಗಳು ಹಾಲಿನಂತೆ ಬೆಳ್ಳಗಿದ್ದವು. ಒಂದು ಕಲೆಯಿಲ್ಲ. ಮಡಿಕೆಗಳೆಲ್ಲ ಒಂದೇ ಅಳತೆ. ಅಷ್ಟು ಚೆನ್ನಾಗಿ ಒಗೆದದ್ದನ್ನು ಅವನು ಜೀವಮಾನದಲ್ಲೇ ನೋಡಿರಲಿಲ್ಲ. ಆದರೆ ಯಾವುದು ಯಾರದೆಂದು ತಿಳಿಯಲಿಲ್ಲ. ಒಂದನ್ನು ಮೂಸಿದ, ಅಂಟುವಾಳಕಾಯಿ. ಇನ್ನೊಂದನ್ನು ಮೂಸಿದ, ಅದೂ ಅಂಟುವಾಳಕಾಯಿ. ನಲವತ್ತು ಬಟ್ಟೆ ಮೂಸಿ, ಸೀನಿ, ಬೆವರು ಒರೆಸಿಕೊಳ್ಳಲು ಕೈಗೆ ಸಿಕ್ಕಿದ್ದನ್ನೇ ತೆಗೆದುಕೊಂಡ. ಅದು ಯಾರದೋ ಶಲ್ಯ.

ಗೊತ್ತಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಅಂದಾಜಿನ ಮೇಲೆ ಹಂಚಿದ.

ಮಾರನೆಯ ದಿನ ಇಡೀ ಪೇಟೆಯೇ ವೇಷ ಹಾಕಿದಂತಾಯಿತು. ಪುರೋಹಿತರ ಮನೆಗೆ ಗರಡಿಯವನ ಚಡ್ಡಿ ಹೋಗಿತ್ತು. ಪುರೋಹಿತರ ಮಡಿಪಂಚೆ ಉಟ್ಟ ಗರಡಿಯವನನ್ನು ಪರವೂರಿನವರು ಯಾರೋ ಶ್ರಾದ್ಧಕ್ಕೆ ಕರೆದರು. ಅವನು ಹೋಗಿ ಉಂಡು, ದಕ್ಷಿಣೆ ತೆಗೆದುಕೊಂಡೂ ಬಂದ. ಪಟೇಲರ ಜರಿಯಂಚಿನ ಪಂಚೆ ತಳವಾರನ ಪಾಲಾಗಿತ್ತು. ಹಿಂದಿನಿಂದ ನೋಡಿದವರೆಲ್ಲ ಅವನಿಗೆ ಕೈಮುಗಿದರು. ತಳವಾರ ಮಧ್ಯಾಹ್ನದವರೆಗೂ ಹಿಂದಿರುಗಿ ನೋಡಲಿಲ್ಲ.

ಪಟೇಲರು ಮಡಿವಾಳನನ್ನು ಕರೆಸಿದರು. ಲಗ್ನಕ್ಕೆ ಏಳು ದಿನ ಇದೆ. ಬೀಗರು ಬರುವ ಹೊತ್ತಿಗೆ ಪ್ರತಿ ಬಟ್ಟೆಯೂ ಒಗೆದು ಅದರದರ ಮನೆ ಸೇರಿರಬೇಕು. ಇಲ್ಲವಾದರೆ ಅರವತ್ತು ಮನೆಯನ್ನೂ ಬೇರೆಯವನಿಗೆ ಒಪ್ಪಿಸುತ್ತೇನೆ ಎಂದರು. ಮಡಿವಾಳ ಬುದ್ಧಿ, ಬುದ್ಧಿ ಎಂದು ಎರಡು ಸಲ ಅಂದು ಹಿಂದಕ್ಕೆ ಸರಿದ. 

ಹಂಚಿದ್ದನ್ನೆಲ್ಲ ಮನೆಮನೆಗೆ ಹೋಗಿ ಹಿಂದಕ್ಕೆ ತಂದು ಗುಡ್ಡೆ ಹಾಕಿದ. ಅಷ್ಟರಲ್ಲಿ ಲಗ್ನದ ಹೊಸ ಗಂಟುಗಳು ಬಾಗಿಲಿಗೆ ಬಂದು ಬಿದ್ದಿದ್ದವು. ಆಗ ಅವನಿಗೊಂದು ಉಪಾಯ ಹೊಳೆಯಿತು. ಗಂಟಿನ ಜೊತೆ ತಾನೂ ಘಾಟಿಗೆ ಹೋಗುವುದು. ತಾನು ನೋಡದೆ ಒಂದು ಬಟ್ಟೆಯೂ ನೀರಿಗೆ ಇಳಿಯಕೂಡದು, ತಾನು ನೋಡದೆ ಒಂದು ಬಟ್ಟೆಯೂ ಹಗ್ಗಕ್ಕೆ ಏರಕೂಡದು.

ಹೋದ. ಹೊಳೆಯ ನಡುವಿನ ಕಲ್ಲಿನ ಮೇಲೆ, ಮೊಣಕಾಲು ನೀರಿನಲ್ಲಿಟ್ಟುಕೊಂಡು ಕೂತ. ನೂರು ಆಳು ಅವನ ಮುಂದೆ ಸಾಲು ನಿಂತರು. ಅವನು ಒಂದು ಪಂಚೆಯನ್ನು ನೋಡುವನು, ಕಣ್ಣು ಮುಚ್ಚುವನು, ನೆನಪಿಗೆ ಹಾಕಿಕೊಳ್ಳುವನು, ಹ್ಞೂ ಮುಂದಿನದು ಎನ್ನುವನು. ಮಧ್ಯಾಹ್ನದ ಹೊತ್ತಿಗೆ ನೂರರಲ್ಲಿ ಮೂರು ಕಲ್ಲು ಒದ್ದೆಯಾಗಿದ್ದವು. ಉಳಿದ ಕಲ್ಲುಗಳ ಮೇಲೆ ಆಳುಗಳು ಗೆರೆ ಎಳೆದು ಚೌಕಾಬಾರ ಆಡುತ್ತಿದ್ದರು.

ವ್ಯಾಪಾರಿ ಬಂದು ನೋಡಿದ. "ಅಣ್ಣಾ, ಕಲ್ಲು ಬೇಕಾದರೆ ಇನ್ನೂ ನೂರು ಕೊಡುತ್ತೇನೆ. ತಲೆ ಮಾತ್ರ ನಮ್ಮಲ್ಲಿ ಬಾಡಿಗೆಗೆ ಇಲ್ಲ" ಎಂದ.

ಎರಡು ದಿನ ಹೀಗೆ ನೀರಿನಲ್ಲಿ ಕೂತ ಮಡಿವಾಳನಿಗೆ ಮೂರನೆಯ ದಿನ ಜ್ವರ ಬಂತು. ವ್ಯಾಪಾರಿಯೇ ಗಾಡಿಯಲ್ಲಿ ಮನೆಗೆ ಕಳಿಸಿದ. ಒಗೆಯದ ಗಂಟುಗಳೂ ಜೊತೆಗೆ ಬಂದವು. ಹೆಂಡತಿ ಹಣೆಗೆ ತಣ್ಣೀರುಪಟ್ಟಿ ಹಾಕಿ, ಒಂದೊಂದು ಬಟ್ಟೆಯನ್ನೂ ಮುಖದ ಮುಂದೆ ಹಿಡಿದು ಇದು ಯಾರದು ಎಂದು ಕೇಳಿದಳು. ಅವನು ತಡೆಯಿಲ್ಲದೆ ಹೇಳಿದ. ಶ್ಯಾನುಭೋಗರ ಅಂಗವಸ್ತ್ರ ಕತ್ತೆಯದು ಎಂದ. ಗರಡಿಯವನ ಚಡ್ಡಿ ಪಟೇಲರ ಅತ್ತೆಯದು ಎಂದ. ಅರವತ್ತು ಮನೆಯೂ ಅವನ ತಲೆಯೊಳಗೇ ಇತ್ತು. ಬಾಗಿಲು ಮಾತ್ರ ಕಾಣುತ್ತಿರಲಿಲ್ಲ.

ಹೆಂಡತಿ ಅವನಿಗೆ ಕಂಬಳಿ ಹೊದಿಸಿ ಎದ್ದಳು. ಮನೆಗೊಬ್ಬರು ಬಂದು ನಿಮ್ಮನಿಮ್ಮ ಬಟ್ಟೆ ಆರಿಸಿಕೊಡಿ, ಕರಿಗೇರಿನ ಗುರುತು ಹಾಕುತ್ತೇನೆ ಎಂದು ಪೇಟೆಗೆ ಹೇಳಿ ಕಳಿಸಿದಳು. ಗಂಡನ ಜ್ವರದ ಮಾತು ಮಾತ್ರ ಎತ್ತಲಿಲ್ಲ. ಬಂದರು. ಒಂದು ಹೊಸ ರೇಷ್ಮೆ ಶಲ್ಯಕ್ಕೆ ಏಳು ಜನ ನಮ್ಮದು ಎಂದರು. ಹನ್ನೊಂದು ತೇಪೆಯ ಒಂದು ಲಂಗೋಟಿಯನ್ನು ಯಾರೂ ನಮ್ಮದು ಎನ್ನಲಿಲ್ಲ. ಪಟೇಲರು ಲಂಗೋಟಿಯನ್ನು ಒಮ್ಮೆ ನೋಡಿ, ಆಮೇಲೆ ಬಹಳ ಹೊತ್ತು ಆಕಾಶ ನೋಡಿದರು. ಅವಳಿಗೆ ತಿಳಿಯಿತು. ಅದನ್ನು ಜರಿಪಂಚೆಯ ಮಡಿಕೆಯೊಳಗೆ ಸೇರಿಸಿ, ಎರಡಕ್ಕೂ ಒಂದೇ ಗುರುತು ಹಾಕಿ, ತಗೊಳ್ಳಿ ಬುದ್ಧಿ ಎಂದಳು. ಪಟೇಲರು ಆ ದಿನ ಮತ್ತೆ ಗದರಲಿಲ್ಲ.

ಶಲ್ಯದ ಏಳು ಜನಕ್ಕೆ ಅವಳು ಹೇಳಿದ್ದು ಇಷ್ಟೇ. ಗುರುತು ಒಮ್ಮೆ ಬಿದ್ದರೆ ಸಾಯುವವರೆಗೆ ಹೋಗದು. ತಪ್ಪು ಮನೆಯ ಗುರುತು ಬಿದ್ದರೆ ಲಗ್ನದ ಚಪ್ಪರದಲ್ಲಿ ನಿಜವಾದ ಒಡೆಯ ಬಂದು ಮೂಲೆ ಹಿಡಿದು ಓದುತ್ತಾನೆ. ಆರು ಜನಕ್ಕೆ ತಮ್ಮ ಶಲ್ಯ ಮನೆಯ ಪೆಟ್ಟಿಗೆಯಲ್ಲೇ ಇರುವುದು ನೆನಪಾಯಿತು.

ಸಂಜೆಯ ಹೊತ್ತಿಗೆ ಪೇಟೆಯ ಪ್ರತಿಯೊಂದು ಬಟ್ಟೆಯ ಮೂಲೆಯಲ್ಲೂ ಒಂದು ಕಪ್ಪು ಗುರುತು ಇತ್ತು. ಮನೆಯ ಕಲ್ಲಿಗೆ ಆಗುವಷ್ಟನ್ನು ಮನೆಯಲ್ಲಿ ಒಗೆದಳು. ಉಳಿದದ್ದನ್ನು ಘಾಟಿಗೆ ಕಳಿಸಿದಳು. ಯಾವ ಗಂಟು ಎಲ್ಲಿಗೆ ಹೋಯಿತು, ಯಾರು ಒಗೆದರು ಎಂದು ಅವಳು ನೆನಪಿಡಲಿಲ್ಲ, ವಿಚಾರಿಸಲೂ ಇಲ್ಲ. ಹೇಗೆ ಬಂದರೂ ಮೂಲೆ ನೋಡಿದರೆ ಮನೆ ತಿಳಿಯುತ್ತಿತ್ತು. ಕೊನೆಯ ಗಂಟುಗಳನ್ನು ತಳವಾರನೇ ಹಂಚಿದ. ಅವನು ಅಕ್ಷರ ಕಲಿತವನಲ್ಲ, ಚುಕ್ಕೆ ಎಣಿಸಬಲ್ಲವನಾಗಿದ್ದ.

ಲಗ್ನದ ದಿನ ಮಡಿವಾಳನಿಗೆ ಜ್ವರ ಬಿಟ್ಟಿತು. ಕಣ್ಣು ಬಿಟ್ಟವನಿಗೆ ಮೊದಲು ನೆನಪಾದದ್ದು ಅರವತ್ತು ಮನೆ. ಕಂಬಳಿ ಹೊದ್ದುಕೊಂಡೇ ಬೀದಿಗೆ ಓಡಿದ. ಪೇಟೆಯೆಲ್ಲ ಒಗೆದ ಬಟ್ಟೆ ಉಟ್ಟು ಚಪ್ಪರದ ಕಡೆಗೆ ಹೊರಟಿತ್ತು. ಪುರೋಹಿತರು ಪುರೋಹಿತರ ಪಂಚೆಯಲ್ಲಿದ್ದರು. ಗರಡಿಯವನು ತನ್ನ ಚಡ್ಡಿಯ ಮೇಲೆ ತನ್ನದೇ ಅಂಗಿ ತೊಟ್ಟಿದ್ದ. ಪಟೇಲರು ಬೀಗರ ಮುಂದೆ ಜರಿಯಂಚು ಕಾಣುವಂತೆ ನಡೆಯುತ್ತಿದ್ದರು. ಅವನನ್ನು ಕಂಡು, ಬಟ್ಟೆ ಚೆನ್ನಾಗಿ ಬಂದಿದೆ ಕಣಯ್ಯಾ, ಮನೆಗಳು ನಿನಗೇ ಇರಲಿ ಎಂದರು.

ಮಡಿವಾಳ ನಿಂತೇ ಇದ್ದ. ಜವಳಿ ವ್ಯಾಪಾರಿ ನಸ್ಯ ಏರಿಸುತ್ತಾ ಪಕ್ಕದಲ್ಲಿ ಹಾದುಹೋದ. ಇದೇನು ಮಾರಾಯ, ಲಗ್ನದ ದಿನ ಕಂಬಳಿ ಹೊದ್ದು ಬಂದಿದ್ದೀಯ ಎಂದು ಕೇಳಿದ. ಜ್ವರ ಬಂದಿತ್ತು, ನಾಲ್ಕು ದಿನ ಮಲಗಿದ್ದೆ ಎಂದ ಮಡಿವಾಳ. ಹೌದಾ, ನಮಗೆ ಗೊತ್ತೇ ಆಗಲಿಲ್ಲವಲ್ಲ ಎಂದ ಜವಳಿಯವನು.

ಆ ಮಾತಿಗೆ ಅಳಬೇಕೋ ನಗಬೇಕೋ ಮಡಿವಾಳನಿಗೆ ತಿಳಿಯಲಿಲ್ಲ. ಕಂಬಳಿಯಲ್ಲೇ ಚಪ್ಪರಕ್ಕೆ ಹೋಗಿ, ಊಟಕ್ಕೆ ಕೂತ.

ಮೇಷ್ಟ್ರು ಕತೆ ನಿಲ್ಲಿಸಿದರು.

ಕೌಮುದಿಯ ಮುಖ ಅರಳಿತು. ಅವಳು ಬೆರಳು ಮಡಿಸುತ್ತಾ ಹೇಳತೊಡಗಿದಳು. ಯಾವ ಯಂತ್ರವೂ ಪ್ರಯಾಣಿಕನನ್ನು ತನ್ನ ತಲೆಯಲ್ಲಿ ಇಟ್ಟುಕೊಳ್ಳಬಾರದು. ಅವನು ಯಾರು, ಯಾವ ಸೀಟು ಆರಿಸಿದ ಎನ್ನುವ ಗುರುತು ಅವನ ಜೊತೆಯಲ್ಲೇ ಹೋಗಬೇಕು. ಯಾವ ಯಂತ್ರ ನೋಡಿದರೂ ಅದನ್ನು ಓದುವಂತಿರಬೇಕು. ಆಗ ದಿನದ ಕೆಲಸಕ್ಕೆ ಆಫೀಸಿನ ಎರಡು, ಹಬ್ಬದ ದಿನ ಕ್ಲೌಡಿನ ಹದಿನೆಂಟು. ಪ್ರಯಾಣಿಕ ಎಲ್ಲಿಗೆ ಹೋದರೂ ಅವನನ್ನು ಯಾರೂ ಹೆಸರು ಕೇಳುವುದಿಲ್ಲ.

"ಎಂಟು ದಿನ ಸಾಕು ಗುರುಗಳೇ. ಯಾವುದು ಎಲ್ಲಿದೆ, ಏನನ್ನು ಬಿಚ್ಚಿದರೆ ಏನು ಬೀಳುತ್ತೆ, ಎಲ್ಲ ನನಗೆ ಬಾಯಿಪಾಠ. ಬೇರೆ ಯಾರನ್ನೂ ಕೇಳೋದೇ ಬೇಕಿಲ್ಲ, ನಾನೊಬ್ಬಳೇ ಮಾಡಿಬಿಡ್ತೀನಿ" ಎಂದು ಬ್ಯಾಗನ್ನು ಹೆಗಲಿಗೆ ಹಾಕಿಕೊಂಡಳು.

"ಮಾಡಮ್ಮ, ಹೋಗುವ ಮುಂಚೆ, ನಿನಗೆ ಜ್ವರ ಬಂದರೆ ನಿಮ್ಮ ಆಫೀಸಿನವರು ಯಾರನ್ನು ಕೇಳಬೇಕು ಅಂತ ಒಂದು ಹೆಸರು ಹೇಳು" ಎಂದರು ಮೇಷ್ಟ್ರು.